ವಿದ್ಯಾರ್ಥಿನಿಯರ ಡೀನ್ ಲೂಸಿ ಡಿಗ್ಸ್ ಸ್ಲೋ

ಕಾಲೇಜು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಪಾಠದ ಕೊಠಡಿ, ಪುಸ್ತಕ ಭಂಡಾರ, ಆಟದ ಮೈದಾನ. ಇವುಗಳ ನಡುವೆ ಎಲ್ಲಿಯೋ ಒಂದು ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಬೀರು, ನಾಲ್ಕಾರು ರಿಜಿಸ್ಟರುಗಳಿರುವ ಇನ್ನೊಂದು ಕೊಠಡಿಯೂ ಇರುತ್ತದೆ. ವಿದ್ಯಾರ್ಥಿ ವೇತನದ ಅರ್ಜಿ, ಬಸ್ ಪಾಸಿಗೆ ಬೇಕಾದ ರುಜು, ಹಾಸ್ಟೆಲಿನ ಊಟದ ಮೇಲಿನ ದೂರು, ಮನೆಯಿಂದ ಬಂದ ಕೆಟ್ಟ ಸುದ್ದಿ, ಇವೆಲ್ಲವೂ ಹೋಗಿ ಸೇರುವುದು ಆ ಕೊಠಡಿಗೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಅಲ್ಲಿ ಕುಳಿತವರನ್ನು ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ ಎಂದು ಕರೆಯುವುದು ವಾಡಿಕೆ. ಪಾಠ ಹೇಳುವುದರ ಜೊತೆಗೆ ಆ ಹೊಣೆಯೂ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು.

ನಾನು ಹಿಂದೆ ಕೆಲಸ ಮಾಡಿದ ಒಂದು ಊರಿನಲ್ಲಿ ನಡೆದ ಸಂಗತಿಯನ್ನು ಮೊದಲು ಹೇಳಬೇಕು. ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಬಂದಳು. ಜಿಲ್ಲಾ ಕೇಂದ್ರದಲ್ಲಿ ಚರ್ಚಾಸ್ಪರ್ಧೆ ಇತ್ತು. ಅವಳ ಹೆಸರು ಆಯ್ಕೆಯಾಗಿತ್ತು. ಹಿಂದಿರುಗುವ ಹೊತ್ತಿಗೆ ರಾತ್ರಿ ಎಂಟು ಗಂಟೆ ದಾಟುತ್ತಿತ್ತು. ಹಾಸ್ಟೆಲಿನ ಬಾಗಿಲು ಹಾಕುವುದು ಆರೂವರೆಗೆ. ನಾನು ನಿಯಮವನ್ನು ಓದಿ ಹೇಳಿ ಆಗದೆಂದೆ. ಜೊತೆಗೆ ಯಾರಾದರೂ ಹೋಗಬಹುದೇ, ವಾಹನದ ಏರ್ಪಾಡು ಸಾಧ್ಯವೇ ಎಂದು ವಿಚಾರಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಆ ಸ್ಪರ್ಧೆಗೆ ಇಬ್ಬರು ಹುಡುಗರು ಹೋಗಿಬಂದರು. ಆ ಹುಡುಗಿ ಜಗಳವಾಡಲಿಲ್ಲ, ಅಳಲಿಲ್ಲ. ಆದರೆ ಮುಂದಿನ ಮೂರು ವರ್ಷದಲ್ಲಿ ಒಂದು ದಿನವಾದರೂ ಏನನ್ನೂ ಕೇಳಲು ನನ್ನ ಕೊಠಡಿಗೆ ಬರಲಿಲ್ಲ. ಅವಳನ್ನು ಸುರಕ್ಷಿತವಾಗಿ ಇಟ್ಟೆನೆಂಬ ಸಮಾಧಾನ ಆಗ ನನಗಿತ್ತು. ಅದು ಎಂತಹ ಸಮಾಧಾನವೆಂಬುದು ತಿಳಿದದ್ದು ಬಹಳ ದಿನಗಳ ಮೇಲೆ, ಒಂದು ಬೇಸಿಗೆಯ ರಜೆಯಲ್ಲಿ ಲೂಸಿ ಡಿಗ್ಸ್ ಸ್ಲೋ ಎಂಬ ಅಮೆರಿಕದ ಮಹಿಳೆಯ ಜೀವನ ವೃತ್ತಾಂತವನ್ನು ಓದಿದಾಗ. ನನ್ನ ಹುದ್ದೆಯನ್ನೇ, ನನಗಿಂತ ನೂರು ಪಾಲು ಕಠಿಣವಾದ ಸ್ಥಿತಿಯಲ್ಲಿ ವಹಿಸಿದ್ದ ಆಕೆಯ ಕಥೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಬೇಕೆಂದು ಅಂದಿನಿಂದ ನನಗೆ ಆಸೆ.

ಈ ಹುದ್ದೆ ಅಮೆರಿಕದಲ್ಲಿ ಹೇಗೆ ಹುಟ್ಟಿತೆಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಕಾಲೇಜುಗಳಿಗೆ ಹೆಣ್ಣುಮಕ್ಕಳು ಹೆಚ್ಚು ಹೆಚ್ಚಾಗಿ ಬರತೊಡಗಿದರು. ಅವರ ಯೋಗಕ್ಷೇಮಕ್ಕೆ ಯಾರು ಹೊಣೆ ಎಂಬ ಚಿಂತೆ ಆಡಳಿತಗಾರರನ್ನು ಹಿಡಿಯಿತು. 1892ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯ ಬಾಗಿಲು ತೆರೆದಾಗ ಆಲಿಸ್ ಫ್ರೀಮನ್ ಪಾಮರ್, ಮೇರಿಯನ್ ಟ್ಯಾಲ್ಬಟ್ ಎಂಬ ಇಬ್ಬರು ವಿದುಷಿಯರು ವಿದ್ಯಾರ್ಥಿನಿಯರ ಮೇಲ್ವಿಚಾರಣೆಗೆ ಬಂದರು. 1909ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ತಾಮಸ್ ಆರ್ಕಲ್ ಕ್ಲಾರ್ಕ್ ಅವರಿಗೆ ಪುರುಷರ ಡೀನ್ ಎಂಬ ಬಿರುದು ಬಂದಿತು. 1916ರಲ್ಲಿ ವಿದ್ಯಾರ್ಥಿನಿಯರ ಡೀನರುಗಳ ರಾಷ್ಟ್ರೀಯ ಸಂಘವೇ ಸ್ಥಾಪಿತವಾಯಿತು. ಹುದ್ದೆಯೇನೋ ಬೆಳೆಯಿತು; ಆದರೆ ಅದರ ಅರ್ಥವೇನೆಂಬುದು ಇತ್ಯರ್ಥವಾಗಿರಲಿಲ್ಲ. ಡೀನ್ ಎಂದರೆ ಹುಡುಗಿಯರ ಮೇಲೆ ಕಣ್ಣಿಡುವ ದೊಡ್ಡ ಮೇಟ್ರನ್ನೇ, ಇಲ್ಲವೆ ಶಿಕ್ಷಣದಲ್ಲಿ ಪಾಲುಳ್ಳ ಗುರುವೇ? ಲೂಸಿ ಸ್ಲೋ ಅವರ ಬಾಳೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರ.

ಆಕೆ ಹುಟ್ಟಿದ್ದು ವರ್ಜೀನಿಯಾ ಸಂಸ್ಥಾನದ ಬೆರಿವಿಲ್ ಎಂಬ ಸಣ್ಣ ಊರಿನಲ್ಲಿ. ಹುಟ್ಟಿದ ದಿನವನ್ನು ಸಾಮಾನ್ಯವಾಗಿ 1885ರ ಜುಲೈ 4 ಎಂದು ಬರೆಯುತ್ತಾರೆ. ಅದು ಅಮೆರಿಕದ ಸ್ವಾತಂತ್ರ್ಯೋತ್ಸವದ ದಿನ. ಆದರೆ ಕಪ್ಪು ಜನಾಂಗದ ಮಗುವಿಗೆ ಆ ಸ್ವಾತಂತ್ರ್ಯದಲ್ಲಿ ದೊರೆತ ಪಾಲು ಅತ್ಯಲ್ಪ. ಗುಲಾಮಗಿರಿ ಕಾಯಿದೆಯ ಮೂಲಕ ತೊಲಗಿ ಇಪ್ಪತ್ತು ವರ್ಷವಾಗಿದ್ದರೂ ಶಾಲೆ, ರೈಲು, ಹೋಟೆಲು ಎಲ್ಲದರಲ್ಲಿಯೂ ಬಿಳಿಯರಿಗೊಂದು, ಕರಿಯರಿಗೊಂದು ಎಂಬ ಭೇದ ಬೆಳೆಯುತ್ತಲೇ ಇತ್ತು. 1896ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ ಅದಕ್ಕೆ ಮುದ್ರೆಯೊತ್ತಿತು. ಲೂಸಿ ಕೈಗೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಆರು ವರ್ಷ ತುಂಬುವ ಹೊತ್ತಿಗೆ ತಾಯಿಯೂ ಹೋದರು. ತಬ್ಬಲಿಯಾದ ಮಗುವನ್ನು ಸೋದರತ್ತೆ ಮಾರ್ತಾ ಪ್ರೈಸ್ ಲೆಕ್ಸಿಂಗ್‌ಟನ್ ಊರಿನ ತಮ್ಮ ಮನೆಗೆ ಕರೆತಂದು ಸಾಕಿದರು. ಒಳ್ಳೆಯ ಶಾಲೆ ಸಿಗಲೆಂದು ಆ ಸಂಸಾರ ಲೂಸಿಯ ಹದಿಮೂರನೆಯ ವಯಸ್ಸಿನಲ್ಲಿ ಬಾಲ್ಟಿಮೋರ್ ನಗರಕ್ಕೆ ಬಂದಿತು.

1904ರಲ್ಲಿ ಲೂಸಿ ಬಾಲ್ಟಿಮೋರಿನ ಕಪ್ಪು ಮಕ್ಕಳ ಹೈಸ್ಕೂಲಿನಲ್ಲಿ ಎರಡನೆಯ ಸ್ಥಾನ ಪಡೆದು ತೇರ್ಗಡೆಯಾದರು. ವಿದ್ಯಾರ್ಥಿ ವೇತನ ದೊರೆತು, ರಾಜಧಾನಿ ವಾಷಿಂಗ್‌ಟನ್ನಿನ ಹೊವಾರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಂತರ್ಯುದ್ಧ ಮುಗಿದ ಮೇಲೆ, 1867ರಲ್ಲಿ, ಬಿಡುಗಡೆ ಹೊಂದಿದ ಜನಾಂಗದ ಉನ್ನತ ಶಿಕ್ಷಣವನ್ನು ಮುಖ್ಯವಾಗಿ ಗಮನದಲ್ಲಿಟ್ಟು ಸ್ಥಾಪಿಸಿದ ವಿದ್ಯಾಸಂಸ್ಥೆಯದು; ಜನರಲ್ ಆಲಿವರ್ ಓಟಿಸ್ ಹೊವಾರ್ಡ್ ಅವರ ಹೆಸರನ್ನು ಹೊತ್ತಿದೆ. ಅಲ್ಲಿ ಲೂಸಿ ಓದಿನಲ್ಲಿ ಮಾತ್ರವಲ್ಲ, ಟೆನಿಸ್ ಅಂಗಳದಲ್ಲಿಯೂ ಮುಂದೆ. 1908ರ ಜನವರಿ 15ರಂದು ಕೆಲವರು ಗೆಳತಿಯರೊಡನೆ ಸೇರಿ ಆಲ್ಫಾ ಕಪ್ಪಾ ಆಲ್ಫಾ ಎಂಬ ಸೋದರೀ ಸಂಘವನ್ನು ಕಟ್ಟಿದರು. ಕಪ್ಪು ಜನಾಂಗದ ಕಾಲೇಜು ಮಹಿಳೆಯರು ತಾವಾಗಿ ಸ್ಥಾಪಿಸಿಕೊಂಡ ಇಂತಹ ಸಂಘಗಳಲ್ಲಿ ಅದೇ ಮೊದಲನೆಯದು. ಲೂಸಿ ಅದರ ಮೊದಲ ಅಧ್ಯಕ್ಷೆ. ತಮಿಳುನಾಡಿನ ತಾಯಿಯ ಮಗಳಾಗಿ 2021ರಲ್ಲಿ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಓದಿದ್ದು ಇದೇ ಹೊವಾರ್ಡಿನಲ್ಲಿ, ಸೇರಿದ್ದು ಇದೇ ಸಂಘವನ್ನು ಎಂದರೆ ನಮ್ಮ ಓದುಗರಿಗೆ ಹೆಸರು ಹತ್ತಿರವಾದೀತು. 1908ರಲ್ಲಿಯೇ ತರಗತಿಗೆ ಮೊದಲಿಗರಾಗಿ ಲೂಸಿ ಪದವಿ ಪಡೆದರು.

ಮುಂದಿನ ಏಳು ವರ್ಷ ಬಾಲ್ಟಿಮೋರಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ದುಡಿಯುತ್ತಲೇ ಓದನ್ನು ಮುಂದುವರಿಸಿ 1915ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದು, ವಾಷಿಂಗ್‌ಟನ್ನಿನ ಆರ್ಮ್‌ಸ್ಟ್ರಾಂಗ್ ಶಾಲೆಗೆ ಬಂದರು. 1917ರಲ್ಲಿ ಒಂದು ವಿಶೇಷ ನಡೆಯಿತು. ಬಿಳಿಯರ ಟೆನಿಸ್ ಸಂಘ ಕಪ್ಪು ಆಟಗಾರರನ್ನು ಪಂದ್ಯಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲವಾಗಿ ಅವರು ತಮ್ಮದೇ ಆದ ಅಮೆರಿಕನ್ ಟೆನಿಸ್ ಅಸೋಸಿಯೇಷನ್ ಕಟ್ಟಿಕೊಂಡು ಬಾಲ್ಟಿಮೋರಿನ ಡ್ರೂಯಿಡ್ ಹಿಲ್ ಉದ್ಯಾನದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಸಿದರು. ಮಹಿಳೆಯರ ಸಿಂಗಲ್ಸ್ ಗೆದ್ದವರು ಲೂಸಿ ಸ್ಲೋ. ರಾಷ್ಟ್ರಮಟ್ಟದ ಕ್ರೀಡಾ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಮಹಿಳೆಯೆಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಹುಡುಗಿಯರಿಗೆ ಆಟವೇಕೆ ಎಂದು ಕೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗಾಗಿ ಈ ಸಂಗತಿಯನ್ನು ಸ್ವಲ್ಪ ನಿಂತು ಹೇಳಿದೆ.

1919ರಲ್ಲಿ ವಾಷಿಂಗ್‌ಟನ್ನಿನ ಆಡಳಿತ ಕಪ್ಪು ಮಕ್ಕಳಿಗಾಗಿ ಮೊದಲ ಜೂನಿಯರ್ ಹೈಸ್ಕೂಲನ್ನು ತೆರೆಯುವ ಕೆಲಸವನ್ನು ಸ್ಲೋ ಅವರಿಗೆ ಒಪ್ಪಿಸಿತು. ಷಾ ಜೂನಿಯರ್ ಹೈಸ್ಕೂಲ್ ಎಂಬ ಆ ಶಾಲೆಯನ್ನು ಮೂರು ವರ್ಷ ಪ್ರಿನ್ಸಿಪಾಲರಾಗಿ ನಡೆಸಿದರು. ಅಷ್ಟರಲ್ಲಿ ಹೊವಾರ್ಡಿನಿಂದ ಕರೆ ಬಂದಿತು. ತಾವು ಓದಿದ ವಿಶ್ವವಿದ್ಯಾನಿಲಯದಲ್ಲಿಯೇ, 1922ರಲ್ಲಿ, ವಿದ್ಯಾರ್ಥಿನಿಯರ ಡೀನ್ ಹುದ್ದೆ! ಕಪ್ಪು ಜನಾಂಗದ ಮಹಿಳೆಯೊಬ್ಬರು ಅದನ್ನು ಕಾಯಂ ಆಗಿ ವಹಿಸಿದ್ದು ಅಲ್ಲಿ ಅದೇ ಮೊದಲು. ಯಾರಾದರೂ ಸಂತೋಷದಿಂದ ಕೂಡಲೇ ಒಪ್ಪಿಕೊಳ್ಳುತ್ತಿದ್ದರು. ಸ್ಲೋ ಅವರು ಮೊದಲು ತಮ್ಮ ಷರತ್ತುಗಳನ್ನು ಮುಂದಿಟ್ಟರು. ತಮಗೆ ಪ್ರಾಧ್ಯಾಪಕರ ದರ್ಜೆ ಬೇಕು, ತರಗತಿಯಲ್ಲಿ ಪಾಠ ಹೇಳುವ ಅಧಿಕಾರ ಬೇಕು, ವಾಸ ವಿದ್ಯಾರ್ಥಿನಿ ನಿಲಯದಲ್ಲಲ್ಲ, ತಮ್ಮ ಸ್ವಂತ ಮನೆಯಲ್ಲಿ. ಅಂದಿನ ಅಧ್ಯಕ್ಷರಾದ ಸ್ಟ್ಯಾನ್ಲಿ ಡರ್ಕಿ ಒಪ್ಪಿದರು.

ಈ ಷರತ್ತುಗಳನ್ನು ಮೊದಲ ಸಲ ಓದಿದಾಗ ನನಗೆ ಸ್ವಲ್ಪ ಅಹಂಕಾರದಂತೆ ಕಂಡಿತ್ತು. ಅವುಗಳ ಅರ್ಥ ಆಮೇಲೆ ಹೊಳೆಯಿತು. ರಾತ್ರಿ ಹಗಲೂ ನಿಲಯದಲ್ಲಿದ್ದು ಬೀಗ ಹಾಕುವುದು, ದೀಪ ಆರಿಸುವುದು, ಅಡುಗೆ ಮನೆಯ ಲೆಕ್ಕ ನೋಡುವುದು ಗೌರವವಾದ ಕೆಲಸವೇ. ಆದರೆ ಅದು ಮೇಟ್ರನ್ನರ ಕೆಲಸ. ಡೀನ್ ಆದವರು ಅದರಲ್ಲಿಯೇ ಮುಳುಗಿದರೆ ಹುಡುಗಿ ಏನು ಓದುತ್ತಾಳೆ, ಏಕೆ ಓದುತ್ತಾಳೆ, ಓದಿ ಏನಾಗುತ್ತಾಳೆ ಎಂದು ಯೋಚಿಸುವವರು ಯಾರು? ಪ್ರಾಧ್ಯಾಪಕರ ಸಾಲಿನಲ್ಲಿ ಕೂರದವರ ಮಾತನ್ನು ಪ್ರಾಧ್ಯಾಪಕರು ಕೇಳುವುದೂ ಇಲ್ಲ. ಸ್ಲೋ ಅವರು ಕೇಳಿದ್ದು ತಮ್ಮ ಸುಖಕ್ಕಲ್ಲ, ಹುದ್ದೆಯ ತೂಕಕ್ಕೆ.

ವಾಷಿಂಗ್‌ಟನ್ನಿನ ಬ್ರೂಕ್‌ಲ್ಯಾಂಡ್ ಬಡಾವಣೆಯಲ್ಲಿ ಕೊಂಡ ಮನೆಯಲ್ಲಿ ಮೇರಿ ಬರಿಲ್ ಎಂಬ ಅಧ್ಯಾಪಕಿಯೊಡನೆ ಅವರು ಕಡೆಯವರೆಗೂ ಬಾಳಿದರು. ಬರಿಲ್ ನಾಟಕಕಾರ್ತಿಯಾಗಿಯೂ ಹೆಸರಾದವರು. ಇಂದಿನ ಇತಿಹಾಸಕಾರರು ಅವರಿಬ್ಬರನ್ನು ಜೀವನಸಂಗಾತಿಗಳೆಂದೇ ಬರೆಯುತ್ತಾರೆ. ಆ ಮನೆಯ ಕೈತೋಟ ವಿದ್ಯಾರ್ಥಿನಿಯರಿಗೆ ಎರಡನೆಯ ಕಾಲೇಜಾಯಿತು. ಅಲ್ಲಿ ಅವರನ್ನು ಕರೆದು ಉಪಚರಿಸುತ್ತಿದ್ದರು. ದೊಡ್ಡವರೊಡನೆ ಕುಳಿತು ಮಾತನಾಡುವ ಅಭ್ಯಾಸ ಅಲ್ಲಿ ಆಗುತ್ತಿತ್ತು.

ಹೊವಾರ್ಡಿನಲ್ಲಿ ಸ್ಲೋ ಅವರು ಮಾಡಿದ ಕೆಲಸ ಮೇಲೆ ನೋಡಿದರೆ ಸಣ್ಣ ಸಣ್ಣದು. ವಿದ್ಯಾರ್ಥಿನಿಯರದೇ ಒಂದು ಸಂಘ ಕಟ್ಟಿಸಿ, ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವಂತೆ ಮಾಡಿದರು. ವರ್ಷಕ್ಕೊಮ್ಮೆ ಮಹಿಳೆಯರ ಔತಣಕೂಟ. ಅದರಲ್ಲಿ ಹಳೆಯ ವಿದ್ಯಾರ್ಥಿನಿಯರು, ಅಧ್ಯಾಪಕಿಯರು, ಓದುತ್ತಿರುವವರು ಒಂದೇ ಸಾಲಿನಲ್ಲಿ. ಸಂಗೀತ, ಉಪನ್ಯಾಸಗಳ ಕಾರ್ಯಕ್ರಮ. ಹುಡುಗಿ ಕಾಲೇಜು ಸೇರಿದ ದಿನದಿಂದ ಅವಳ ಆರೋಗ್ಯ, ಹಣಕಾಸು, ಉದ್ಯೋಗದ ಆಸೆ ಎಲ್ಲವನ್ನೂ ತಿಳಿದುಕೊಂಡು ಸಲಹೆ ಕೊಡುವ ಏರ್ಪಾಡು. ಬಹುಪಾಲು ಹುಡುಗಿಯರಿಗೆ ಓದಿದ ಮೇಲೆ ಉಪಾಧ್ಯಾಯಿನಿಯಾಗುವುದೊಂದೇ ದಾರಿ ಕಾಣುತ್ತಿತ್ತು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಮನಶ್ಶಾಸ್ತ್ರಗಳನ್ನೂ ಓದಬೇಕು, ಬೇರೆ ಉದ್ಯೋಗಗಳ ಬಾಗಿಲನ್ನೂ ತಟ್ಟಬೇಕು ಎಂದು ಸ್ಲೋ ಅವರು ಹೇಳುತ್ತಲೇ ಬಂದರು. ಹೆಣ್ಣುಮಕ್ಕಳ ಉನ್ನತ ಶಿಕ್ಷಣವನ್ನು ಕುರಿತು 1933ರಲ್ಲಿ ಅವರು ಬರೆದ ಲೇಖನದ ಸಾರ ಇದೇ: ಮನೆಯಲ್ಲಿಯೂ ಕಾಲೇಜಿನಲ್ಲಿಯೂ ಯಾವಾಗಲೂ ಇತರರ ನಿರ್ಧಾರಕ್ಕೆ ತಲೆಬಾಗಿಸಿ ಬೆಳೆಸಿದ ಹುಡುಗಿ, ಲೋಕಕ್ಕೆ ಬಂದ ಮೇಲೆ ಮುಂದಾಳಾಗುವುದು ಹೇಗೆ? ಈ ಮಾತಿಗೆ ಬಂದಾಗ ನನಗೆ ಚರ್ಚಾಸ್ಪರ್ಧೆಯ ಹುಡುಗಿ ನೆನಪಾದಳು. ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಒಳ್ಳೆಯ ನಿಲಯಗಳಿಲ್ಲದೆ ಇದಾವುದೂ ಪೂರ್ಣವಾಗದೆಂದು ಸ್ಲೋ ಅವರು ಬಲ್ಲರು. ಮೇಟ್ರನ್ನರ ಕೆಲಸ ಬೇಡವೆಂದವರು ನಿಲಯದ ವಿಷಯದಲ್ಲಿ ಉದಾಸೀನರಾಗಿದ್ದರೆಂದು ಯಾರೂ ತಿಳಿಯಬಾರದು. ನಿಲಯವೂ ಒಂದು ಪಾಠಶಾಲೆ, ಅದನ್ನು ನೋಡಿಕೊಳ್ಳುವವರು ತಕ್ಕ ತರಬೇತಿ ಪಡೆದವರಾಗಿರಬೇಕು ಎಂದು ಅವರ ಹಟ. ಅವರ ವರ್ಷಾನುಗಟ್ಟಲೆಯ ಒತ್ತಾಯದ ಫಲವಾಗಿ 1931ರಲ್ಲಿ ವಿದ್ಯಾರ್ಥಿನಿಯರಿಗಾಗಿ ಮೂರು ಹೊಸ ನಿಲಯಗಳು ತೆರೆದವು.

ಹೊವಾರ್ಡಿನ ಹೊರಗೂ ಅವರ ಕೆಲಸ ಹರಡಿತು. 1923ರಲ್ಲಿ ಕಾಲೇಜು ಮಹಿಳೆಯರ ರಾಷ್ಟ್ರೀಯ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷೆ ಅವರೇ. ಡೀನರುಗಳ ರಾಷ್ಟ್ರೀಯ ಸಂಘದ ಸಮ್ಮೇಳನಗಳಿಗೂ ಹೋಗುತ್ತಿದ್ದರು. ಆದರೆ ಆ ಸಮ್ಮೇಳನಗಳು ನಡೆಯುತ್ತಿದ್ದುದು ದೊಡ್ಡ ಹೋಟೆಲುಗಳಲ್ಲಿ. ಅನೇಕ ಊರುಗಳ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಮೇಲಾಗಿ ಕಪ್ಪು ಕಾಲೇಜುಗಳ ಕಷ್ಟಗಳು ಬೇರೆ. ಆದ್ದರಿಂದ 1929ರಲ್ಲಿ ಆ ಕಾಲೇಜುಗಳ ಡೀನರುಗಳನ್ನೂ ಸಲಹೆಗಾರ್ತಿಯರನ್ನೂ ಹೊವಾರ್ಡಿಗೆ ಕರೆದು ಅವರದೇ ಒಂದು ಸಂಘವನ್ನು ಕಟ್ಟಿದರು. 1935ರಲ್ಲಿ ಮೇರಿ ಮೆಕ್ಲಿಯಡ್ ಬೆಥೂನ್ ಅವರು ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿಯನ್ನು ಸ್ಥಾಪಿಸಿದಾಗಲೂ ಸ್ಲೋ ಅವರು ಕಾರ್ಯದರ್ಶಿಯಾಗಿ ಹೆಗಲು ಕೊಟ್ಟರು.

ಇನ್ನು ಕಹಿಯಾದ ಭಾಗ. 1925ರಲ್ಲಿ ವಿದ್ಯಾರ್ಥಿಗಳ ದೊಡ್ಡ ಮುಷ್ಕರವಾಗಿ, ಮರುವರ್ಷ ಡರ್ಕಿಯವರು ಬಿಟ್ಟುಹೋದರು. 1926ರಲ್ಲಿ ಮಾರ್ಡಿಕೈ ಜಾನ್ಸನ್ ಹೊವಾರ್ಡಿನ ಮೊದಲ ಕಪ್ಪು ಅಧ್ಯಕ್ಷರಾಗಿ ಬಂದರು. ಅವರು ಸಾಮಾನ್ಯರಲ್ಲ. 1960ರವರೆಗೆ ಆಳಿ ಹೊವಾರ್ಡನ್ನು ದೊಡ್ಡ ವಿಶ್ವವಿದ್ಯಾನಿಲಯವಾಗಿ ಬೆಳೆಸಿದವರು. ಭಾರತಕ್ಕೆ ಬಂದುಹೋಗಿ, ಗಾಂಧೀಜಿಯವರ ಮಾರ್ಗವನ್ನು ಕುರಿತು 1950ರಲ್ಲಿ ಅವರು ಮಾಡಿದ ಉಪನ್ಯಾಸವನ್ನು ಕೇಳಿಯೇ ಮಾರ್ಟಿನ್ ಲೂಥರ್ ಕಿಂಗ್ ಗಾಂಧಿಯ ಪುಸ್ತಕಗಳನ್ನು ಹುಡುಕಿಕೊಂಡು ಹೋದದ್ದು. ಅಂತಹ ಹಿರಿಯರಿಗೂ ಸ್ಲೋ ಅವರಿಗೂ ಮಾತ್ರ ಹೊಂದಲಿಲ್ಲ. ದೊಡ್ಡವರು ಎಲ್ಲ ವಿಷಯದಲ್ಲಿಯೂ ದೊಡ್ಡವರಾಗಿಯೇ ಇರುತ್ತಾರೆಂದು ನಂಬಿ ಚರಿತ್ರೆ ಓದುವವರಿಗೆ ಇಲ್ಲೊಂದು ಪಾಠವಿದೆ.

1927ರಲ್ಲಿ ಒಬ್ಬ ಅಧ್ಯಾಪಕರು ತರಗತಿಯಲ್ಲಿ ಹುಡುಗಿಯರ ಮುಂದೆ ಅಸಭ್ಯವಾಗಿ ಮಾತನಾಡುತ್ತಾರೆಂದು ಮನೆಯವರಿಂದ ದೂರು ಬಂದಿತು. ಸ್ಲೋ ಅವರು ಅದನ್ನು ಅಧ್ಯಕ್ಷರಿಗೆ ಮುಟ್ಟಿಸಿದರು. ಆ ಅಧ್ಯಾಪಕರು ಪಶ್ಚಾತ್ತಾಪ ಪಡುವ ಬದಲು ಡೀನರಿಗೇ ಕೀಳು ಮಾತಿನ ಕಾಗದ ಬರೆದರು. ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಓದಿಗೆಂದು ರಜೆ ಕೊಟ್ಟು ಕಳುಹಿಸಿದರು. ಅಲ್ಲಿಂದ ಮುಂದೆ ಸ್ಲೋ ಅವರಿಗೆ ದಿನ ದಿನಕ್ಕೆ ನೆಲ ಕಿರಿದಾಯಿತು. ಡೀನರುಗಳ ಸಭೆಯಿಂದ ಅವರು ಹೊರಗುಳಿಯಬೇಕಾಯಿತು. ಸಂಬಳ ಪುರುಷ ಡೀನರುಗಳಿಗಿಂತ ಕಡಮೆ. ಕಡೆಗೆ 1933ರಲ್ಲಿ, ಅವರು ಸ್ವಂತ ಮನೆಯನ್ನು ಬಿಟ್ಟು ಕ್ಯಾಂಪಸ್ಸಿಗೆ ಬಂದು ವಾಸಿಸಬೇಕೆಂದು ಟ್ರಸ್ಟಿಗಳ ಮಂಡಳಿ ಕೇಳಿತು. ಹನ್ನೊಂದು ವರ್ಷದ ಹಿಂದೆ ಒಪ್ಪಿಕೊಂಡಿದ್ದ ಷರತ್ತನ್ನು ಹೀಗೆ ಮುರಿದಂತಾಯಿತು. ಹಳೆಯ ವಿದ್ಯಾರ್ಥಿನಿಯರು ಪ್ರತಿಭಟಿಸಿದರು. ಸ್ಲೋ ಅವರು ಮಣಿಯಲಿಲ್ಲ, ಹುದ್ದೆಯನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಬೇರೆಡೆ ಸುಖವಾಗಿರಬಹುದಾಗಿತ್ತು. ಅವರು ನಿಂತದ್ದು ತಮ್ಮನ್ನು ನಂಬಿ ಬಂದ ಹುಡುಗಿಯರಿಗಾಗಿ ಎಂದು ನನ್ನ ಭಾವನೆ.

1937ರಲ್ಲಿ ಅವರ ದೇಹ ಸೋತಿತು. ಮೂತ್ರಪಿಂಡದ ರೋಗದಿಂದ ಆ ವರ್ಷದ ಅಕ್ಟೋಬರ್ 21ರಂದು ತೀರಿಕೊಂಡರು. ಆಗ ಅವರಿಗೆ ಐವತ್ತೆರಡು ವರ್ಷ. ಹದಿನೈದು ವರ್ಷ ಡೀನ್ ಆಗಿದ್ದು, ಡೀನ್ ಆಗಿಯೇ ಕಣ್ಣು ಮುಚ್ಚಿದರು. ಅದೇ 1937ರಲ್ಲಿ ಅಮೆರಿಕದ ಶಿಕ್ಷಣ ಮಂಡಳಿಯೊಂದು ವಿದ್ಯಾರ್ಥಿ ಸೇವೆಯನ್ನು ಕುರಿತು ಒಂದು ಹೇಳಿಕೆಯನ್ನು ಪ್ರಕಟಿಸಿತು. ವಿದ್ಯಾರ್ಥಿಯ ಬುದ್ಧಿಯನ್ನು ಮಾತ್ರವಲ್ಲ, ಇಡೀ ವ್ಯಕ್ತಿಯನ್ನು ಕಾಲೇಜು ಗಮನಿಸಬೇಕೆಂಬುದು ಅದರ ತಿರುಳು. ಆ ಕ್ಷೇತ್ರದವರು ಅದನ್ನು ಮೂಲಗ್ರಂಥದಂತೆ ಕಾಣುತ್ತಾರೆ. ಸ್ಲೋ ಅವರು ಅದಕ್ಕೆ ಮೊದಲೇ ಹದಿನೈದು ವರ್ಷ ಅದನ್ನು ನಡೆಸಿ ತೋರಿಸಿದ್ದರು. ಎರಡನೆಯ ಮಹಾಯುದ್ಧದ ಅನಂತರ ಪುರುಷರ ಡೀನ್, ಮಹಿಳೆಯರ ಡೀನ್ ಎಂಬ ಎರಡು ಹುದ್ದೆಗಳು ಕ್ರಮೇಣ ಒಂದಾಗಿ ವಿದ್ಯಾರ್ಥಿಗಳ ಡೀನ್ ಎಂಬುದು ನಿಂತಿತು. ಹಾಗೆ ಒಂದಾದಾಗ ಬಹುಮಟ್ಟಿಗೆ ಆ ಕುರ್ಚಿ ಪುರುಷರಿಗೆ ಹೋಯಿತು. ಮಹಿಳಾ ಡೀನರುಗಳು ಕಟ್ಟಿದ ಶಾಸ್ತ್ರ ಮಾತ್ರ ಉಳಿದುಕೊಂಡು, ಅವರ ಹೆಸರು ಮರೆಯಾಯಿತು. ಸ್ಲೋ ಅವರ ಹೆಸರು ವಾಷಿಂಗ್‌ಟನ್ನಿನ ಒಂದು ವಸತಿ ನಿಲಯಕ್ಕೂ ಒಂದು ಪ್ರಾಥಮಿಕ ಶಾಲೆಗೂ ಇಟ್ಟಿದ್ದರಿಂದ ಅಲ್ಲಿನ ಜನರ ಬಾಯಲ್ಲಿ ಉಳಿಯಿತು. 2020ರಲ್ಲಿ ಬ್ರೂಕ್‌ಲ್ಯಾಂಡಿನ ಅವರ ಮನೆ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಬಿಟ್ಟುಬಾ ಎಂದು ಮಂಡಳಿಯು ಕೇಳಿದ್ದ ಮನೆ ಅದೇ!

ಇದನ್ನೆಲ್ಲ ಓದಿದ ಮೇಲೆ ನಾನೇನು ಮಾಡಿದೆನೆಂದು ವಾಚಕರು ಕೇಳಬಹುದು. ಮಹತ್ತಾದುದೇನೂ ಇಲ್ಲ. ಮರುವರ್ಷ ಮತ್ತೊಂದು ಸ್ಪರ್ಧೆ ಬಂದಾಗ ನಾಲ್ವರು ಹುಡುಗಿಯರ ಹೆಸರಿತ್ತು. ಪ್ರಿನ್ಸಿಪಾಲರನ್ನು ಕಂಡು, ಒಬ್ಬ ಅಧ್ಯಾಪಕಿಯನ್ನು ಜೊತೆಗೆ ಕೇಳಿಕೊಂಡು, ಒಂದು ಜೀಪನ್ನು ಗೊತ್ತುಮಾಡಿ, ವಾರ್ಡನ್ನರಿಗೆ ಒಂದು ಚೀಟಿ ಬರೆದುಕೊಟ್ಟೆ. ಎಲ್ಲಕ್ಕೂ ಹಿಡಿದದ್ದು ಒಂದು ಗಂಟೆ. ಆ ಒಂದು ಗಂಟೆಯ ಶ್ರಮವನ್ನು ಹಿಂದಿನ ಸಲ ಉಳಿಸಿಕೊಂಡು ಅದಕ್ಕೆ ಶಿಸ್ತೆಂದು ಹೆಸರಿಟ್ಟಿದ್ದೆ. ನಿಯಮ ಬೇಡವೆಂದು ನಾನು ಹೇಳುವುದಿಲ್ಲ. ರಾತ್ರಿಯ ಹೊತ್ತು ಮಕ್ಕಳು ಎಲ್ಲಿದ್ದಾರೆಂಬ ಚಿಂತೆ ತಂದೆತಾಯಿಗಳಿಗೆ ಇರುವಂತೆ ಕಾಲೇಜಿಗೂ ಇರಬೇಕು. ಆದರೆ ಆಗದು ಎನ್ನುವ ಮೊದಲು ಆಗುವ ದಾರಿಯನ್ನು ಹುಡುಕಿದೆಯಾ ಎಂದು ಆ ಕುರ್ಚಿಯಲ್ಲಿ ಕುಳಿತವನು ತನ್ನನ್ನು ಕೇಳಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರಿಗೆ, ಅದರಲ್ಲಿಯೂ ವಿದ್ಯಾರ್ಥಿನಿಯರಿಗೆ, ಒಂದು ಮಾತು. ನಿಮ್ಮ ಕಾಲೇಜಿನ ಆ ಮೂಲೆಯ ಕೊಠಡಿ ಬಸ್ ಪಾಸಿನ ರುಜುವಿಗೆ ಮಾತ್ರ ಇರುವುದಲ್ಲ. ಒಮ್ಮೆ ಆಗದೆಂದು ಹೇಳಿ ಕಳುಹಿಸಿದರೆ ಮತ್ತೆ ಹೋಗಿ ಕೇಳಿ. ಅಂದು ನನ್ನ ಬಾಗಿಲಿನಿಂದ ಹಿಂದಿರುಗಿದ ಹುಡುಗಿ ಇಂದು ಎಲ್ಲಿದ್ದಾಳೋ, ಏನಾಗಿದ್ದಾಳೋ ನನಗೆ ತಿಳಿಯದು. ಈ ಸಂಚಿಕೆ ಹೇಗಾದರೂ ಅವಳ ಕೈಗೆ ಸಿಕ್ಕಿದರೆ, ಅವಳ ಕ್ಷಮೆ ಬೇಡಿ ಬರೆದ ಲೇಖನವಿದೆಂದು ಅವಳಿಗೆ ಗೊತ್ತಾಗಲಿ.